ನರ, ಸ್ನಾಯು, ರಜ್ಜು: ಲಿಗಮೆಂಟ್‌ಗೆ ತಕ್ಕ ಪದ ಯಾವುದು?

ದೇಹರಚನೆಯನ್ನು ಕನ್ನಡದಲ್ಲಿ ವಿವರಿಸುವಾಗ ಮೂಳೆ, ಕೀಲು, ಮಜ್ಜೆ, ಅಂಗಾಂಶ ಎಂಬ ಪದಗಳು ಯಾವ ತೊಡಕನ್ನೂ ಕೊಡುವುದಿಲ್ಲ. ತೊಡಕು ಎದುರಾಗುವುದು ಇವನ್ನೆಲ್ಲ ಹಿಡಿದು ನಿಲ್ಲಿಸುವ ಎಳೆಗಳ ಮಾತು ಬಂದಾಗ. ಮಾಂಸಖಂಡವನ್ನು ಮೂಳೆಗೆ ಸೇರಿಸುವ ಟೆಂಡನ್ ಮತ್ತು ಮೂಳೆಗೆ ಮೂಳೆಯನ್ನು ಬಿಗಿಯುವ ಲಿಗಮೆಂಟ್, ಇವೆರಡಕ್ಕೆ ಓದುಗರು ಒಮ್ಮೆಗೇ ಗುರುತಿಸಬಲ್ಲ ಪದಗಳು ಯಾವುವು ಎಂಬುದು ನನ್ನ ಪ್ರಶ್ನೆ.

ಆಡುಮಾತಿನಲ್ಲಿ ಎಲ್ಲವೂ ‘ನರ’ವೇ. ಅಂಗೈಯನ್ನು ಕೆಳಮುಖವಾಗಿಟ್ಟು ಬೆರಳುಗಳನ್ನು ಬಿಗಿಯಾಗಿ ಮೇಲಕ್ಕೆತ್ತಿದರೆ, ಗೆಣ್ಣುಗಳಿಂದ ಮಣಿಕಟ್ಟಿನ ಕಡೆಗೆ ಗಟ್ಟಿಯಾದ ಏಣುಗಳು ಎದ್ದು ನಿಲ್ಲುತ್ತವೆ, ಅವು ಟೆಂಡನ್‌ಗಳು. ಅವುಗಳ ಮೇಲೆ ಅಡ್ಡಾದಿಡ್ಡಿಯಾಗಿ ಹರಿದಿರುವ, ಬೆರಳಿನಿಂದ ಒತ್ತಿದರೆ ಮಾಯವಾಗುವ ನೀಲಿ ಗೆರೆಗಳು ರಕ್ತ ಸಾಗಿಸುವ ಸಿರೆಗಳು. ಮೊಣಕೈಯ ಒಳಬದಿಗೆ ಪೆಟ್ಟು ಬಿದ್ದಾಗ ಕಿರುಬೆರಳಿನವರೆಗೆ ಜುಮ್ಮೆನ್ನಿಸುವುದು ಮಾತ್ರ ಶಾಸ್ತ್ರದ ಅರ್ಥದಲ್ಲಿ ನರ. ಆದರೂ ‘ನರ ಎಳೆದಿದೆ’, ‘ನರ ಉಬ್ಬಿದೆ’, ‘ನರದೌರ್ಬಲ್ಯ’ ಎಂದು ಈ ಮೂರನ್ನೂ ನಾವು ಒಂದೇ ಪದದಿಂದ ಕರೆಯುತ್ತೇವೆ. ಇದನ್ನು ಕನ್ನಡದ ಕೊರತೆಯೆಂದು ನಾನು ಭಾವಿಸುವುದಿಲ್ಲ. ತಮಿಳಿನ ‘ನರಂಬು’ ಕೂಡ ಹೀಗೆಯೇ ಹಲವು ಅರ್ಥಗಳದ್ದು. ಯಾಳ್ ವಾದ್ಯದ ತಂತಿಗೂ ಅದೇ ಹೆಸರು. ಗ್ರೀಕರ ‘ನ್ಯೂರಾನ್’ ಸಹ ಮೊದಲಿಗೆ ಟೆಂಡನ್‌ನಂಥ ಎಳೆಗಳಿಗೇ ಸಲ್ಲುತ್ತಿತ್ತು. ಸಂವೇದನೆಯನ್ನು ಒಯ್ಯುವ ನರಗಳನ್ನು ಅವುಗಳಿಂದ ಬೇರ್ಪಡಿಸಿ ನೋಡಿದ್ದು ಕ್ರಿಸ್ತಪೂರ್ವ 3ನೆಯ ಶತಮಾನದ ಹೊತ್ತಿಗೆ, ಅಲೆಕ್ಸಾಂಡ್ರಿಯದ ವೈದ್ಯ ಹೆರೊಫಿಲಸ್‌ನ ಕಾಲದಲ್ಲಿ. ಬಿಗಿದ ದಾರದಂತೆ ಕೈಗೆ ಸಿಕ್ಕಿದ್ದಕ್ಕೆಲ್ಲ ಒಂದೇ ಹೆಸರಿಡುವುದು ಸಹಜವೇ.

‘ಸ್ನಾಯು’ವಿನ ಕಥೆ ಇನ್ನೂ ಸೋಜಿಗದ್ದು. ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಅದಕ್ಕೆ ಮಾಂಸಖಂಡವೆಂಬ ಅರ್ಥ, ಬಂಗಾಳಿಯಲ್ಲಿ ನರವೆಂಬ ಅರ್ಥ, ಹಿಂದಿಯ ವಿಜ್ಞಾನ ಪಠ್ಯಗಳಲ್ಲಿ ಲಿಗಮೆಂಟ್ ಎಂಬ ಅರ್ಥ. ಸುಶ್ರುತಸಂಹಿತೆಯ ಶಾರೀರಸ್ಥಾನವು 500 ಪೇಶಿ, 900 ಸ್ನಾಯು, 16 ಕಂಡರಗಳೆಂದು ಬೇರೆಬೇರೆಯಾಗಿ ಎಣಿಸುತ್ತದೆ. ಎಂದರೆ ಅಲ್ಲಿ ಮಾಂಸಖಂಡವೆಂಬುದು ಪೇಶಿ, ಸ್ನಾಯುವೆಂಬುದು ಕಟ್ಟುವ ಎಳೆ, ಕಂಡರವೆಂಬುದು ಟೆಂಡನ್‌ನಂಥ ದಪ್ಪ ಎಳೆ. ಹಲಗೆಗಳನ್ನು ಹಲವು ಕಟ್ಟುಗಳಿಂದ ಬಿಗಿದ ದೋಣಿಯು ನೀರಿನಲ್ಲಿ ಭಾರ ಹೊರುವಂತೆ, ಸ್ನಾಯುಗಳಿಂದ ಬಿಗಿದ ಕೀಲುಗಳು ದೇಹದ ಭಾರವನ್ನು ಹೊರುತ್ತವೆ ಎಂಬ ಅಲ್ಲಿಯ ಹೋಲಿಕೆ ನನಗೆ ಬಹಳ ಅಚ್ಚುಮೆಚ್ಚು. ಲಿಗಮೆಂಟ್‌ನ ಕೆಲಸವನ್ನು ಇಷ್ಟು ಸ್ಪಷ್ಟವಾಗಿ ಹೇಳುವುದು ಕಷ್ಟ. ಆದರೂ ಕನ್ನಡದಲ್ಲಿ ಬೇರೂರಿರುವ ಸ್ನಾಯುವಿನ ಅರ್ಥವನ್ನು ಈಗ ಹಿಂದಕ್ಕೆ ತಿರುಗಿಸುವುದು ಆಗದ ಮಾತು, ಅದು ಬೇಕಾಗಿಯೂ ಇಲ್ಲ.

ಸದ್ಯ ಬಳಕೆಯಲ್ಲಿರುವ ಜೋಡಿ ಟೆಂಡನ್‌ಗೆ ‘ಸ್ನಾಯುರಜ್ಜು’ ಮತ್ತು ಲಿಗಮೆಂಟ್‌ಗೆ ‘ಅಸ್ಥಿರಜ್ಜು’ (ಅಸ್ಥಿ ಎಂದರೆ ಮೂಳೆ, ರಜ್ಜು ಎಂದರೆ ಹಗ್ಗ). ಮೊದಲನೆಯದರ ಬಗ್ಗೆ ನನಗೆ ಹೆಚ್ಚಿನ ಆಕ್ಷೇಪವಿಲ್ಲ. ಎರಡನೆಯದನ್ನು ಮಾತ್ರ ಓದುವಾಗಲೆಲ್ಲ ಕಣ್ಣು ‘ಅಸ್ಥಿರ’ ಎಂಬಲ್ಲಿ ಎಡವುತ್ತದೆ. ಅಸ್ಥಿ ಮತ್ತು ರಜ್ಜು ಎಂದು ಬಿಡಿಸಿಕೊಳ್ಳಲು ಬಾರದ ವಿದ್ಯಾರ್ಥಿಗೆ, ಕೀಲನ್ನು ಸ್ಥಿರವಾಗಿಡುವ ಅಂಗಾಂಶದ ಹೆಸರೇ ಅದಕ್ಕೆ ತದ್ವಿರುದ್ಧವಾದ ಅರ್ಥವನ್ನು ಕೊಟ್ಟುಬಿಡುತ್ತದೆ. ಮೇಲಾಗಿ ಎರಡೂ ರಜ್ಜುಗಳೇ ಆದುದರಿಂದ, ಮಂಡಿಯ ಗಾಯವನ್ನು ವಿವರಿಸುವ ಒಂದೇ ವಾಕ್ಯದಲ್ಲಿ ಅವೆರಡೂ ಬಂದರೆ ಯಾವುದು ಯಾವುದೆಂದು ಮತ್ತೆ ಹಿಂದಿರುಗಿ ಓದಬೇಕಾಗುತ್ತದೆ.

ಟೆಂಡನ್‌ಗೆ ‘ಸ್ನಾಯುರಜ್ಜು’ ಎಂಬುದನ್ನೇ ಉಳಿಸಿಕೊಂಡು, ಲಿಗಮೆಂಟ್‌ಗೆ ‘ಕೀಲುಕಟ್ಟು’ ಎನ್ನಬಹುದೇ? ದೋಣಿಯ ಹೋಲಿಕೆಯಲ್ಲಿರುವ ಕಟ್ಟೇ ಇದು, ಮತ್ತು ‘ಮಂಡಿಯ ಕೀಲುಕಟ್ಟು ಹರಿದಿದೆ’ ಎಂದರೆ ಯಾರಿಗಾದರೂ ತಿಳಿಯುತ್ತದೆಂದು ನನಗನ್ನಿಸುತ್ತದೆ. ನನಗಿರುವ ಅಳುಕು ಒಂದೇ: ಮುರಿದ ಮೂಳೆಗೆ ‘ಕಟ್ಟು ಹಾಕುವ’ ರೂಢಿಯ ಮಾತಿನಿಂದಾಗಿ ಇದನ್ನು ಹೊರಗಿನಿಂದ ಸುತ್ತಿದ ಪಟ್ಟಿಯೆಂದು ಯಾರಾದರೂ ತಿಳಿದಾರು. ಆ ಗೊಂದಲ ನಿಜಕ್ಕೂ ಆಗಬಹುದೇ, ಅಥವಾ ಲಿಗಮೆಂಟ್‌ಗೆ ಇದಕ್ಕಿಂತ ತಕ್ಕ ಪದವೊಂದು ಯಾವುದಾದರೂ ಪ್ರದೇಶದ ಆಡುನುಡಿಯಲ್ಲಿ ಈಗಾಗಲೇ ಇದೆಯೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.