ಸಹಾಯ ಬೇಕು: ‘ದಿ ಜನರಲ್ಸ್ ಸನ್’ 2 ಮತ್ತು 3ನೇ ಭಾಗ ಎಲ್ಲಿ ಸಿಗುತ್ತೆ?

ಎಲ್ರಿಗೂ ನಮಸ್ಕಾರ. ಇಮ್ ಕ್ವಾನ್-ಟೆಕ್ ಅವ್ರು 1990ರಲ್ಲಿ ಮಾಡಿದ ಕೊರಿಯನ್ ಸಿನಿಮಾ ‘ದಿ ಜನರಲ್ಸ್ ಸನ್’ ಯಾರಾದ್ರೂ ನೋಡಿದೀರಾ? ಜಪಾನ್ ಆಳ್ವಿಕೆ ಇದ್ದಾಗಿನ ಸಿಯೋಲ್, ಅಲ್ಲಿನ ಜೊಂಗ್ನೊ ಅನ್ನೋ ವ್ಯಾಪಾರದ ಬೀದಿ, ಯಾಕೂಜಾ ಅನ್ನೋ ಜಪಾನಿ ಗೂಂಡಾಗಳು ಅಂಗಡಿಯವ್ರ ಮೇಲೆ ದಬ್ಬಾಳಿಕೆ ಮಾಡೋಕೆ ಬಂದಾಗ ಕಿಮ್ ದು-ಹಾನ್ ಅನ್ನೋ ಅನಾಥ ಹುಡುಗ ಎದುರು ನಿಲ್ತಾನೆ. ಇದು ನಿಜವಾಗ್ಲೂ ಬದುಕಿದ್ದ ವ್ಯಕ್ತಿ, ಆಮೇಲೆ ಪಾರ್ಲಿಮೆಂಟ್ ಮೆಂಬರ್ ಕೂಡ ಆದ್ರು. ಅವರಪ್ಪ ಕಿಮ್ ಜ್ವಾ-ಜಿನ್ 1920ರಲ್ಲಿ ಮಂಚೂರಿಯಾದಲ್ಲಿ ಜಪಾನಿ ಸೈನ್ಯದ ವಿರುದ್ಧ ಹೋರಾಡಿದ ಜನರಲ್, ಟೈಟಲ್ ಬಂದಿದ್ದೇ ಅದರಿಂದ.

ಫೈಟ್‌ಗಳಂತೂ ಅದ್ಭುತ, ಹಗ್ಗ ಕಟ್ಟಿ ಹಾರಿಸೋದೆಲ್ಲ ಇಲ್ಲ, ಕೈ ಕಾಲಲ್ಲೇ ಹೊಡೆದಾಟ, ಒದೆ ಬಿದ್ರೆ ನೋಡೋರಿಗೇ ನೋವಾಗತ್ತೆ. ಹೀರೋ ಪಾರ್ಕ್ ಸಾಂಗ್-ಮಿನ್ ಆಗ ಹೊಸಬ, ಆದ್ರೂ ಆ ಮುಖದಲ್ಲಿರೋ ಸಿಟ್ಟು ನನಗೆ ತುಂಬಾ ಇಷ್ಟ ಆಯ್ತು.

ಈಗ ವಿಷಯ ಏನಂದ್ರೆ 1991 ಮತ್ತು 1992ರಲ್ಲಿ ಬಂದ ಮುಂದಿನ ಎರಡು ಭಾಗಗಳು ಇಂಗ್ಲಿಷ್ ಸಬ್‌ಟೈಟಲ್ ಜೊತೆ ಬೇಕು, ಯೂಟ್ಯೂಬೋ ಡಿವಿಡಿನೋ ಯಾವುದಾದ್ರೂ ಸರಿ ಆದ್ರೆ ಪೈರೇಟೆಡ್ ಲಿಂಕ್ ಮಾತ್ರ ದಯವಿಟ್ಟು ಬೇಡ. ಕೊರಿಯಾದಲ್ಲಿರೋ ಕನ್ನಡದವ್ರು ಯಾರಾದ್ರೂ ಇದ್ರೆ ಅಲ್ಲಿನ ಅಂಗಡೀಲಿ ಡಿವಿಡಿ ಸಿಗುತ್ತಾ ಅಂತ ವಿಚಾರಿಸಿ ಹೇಳ್ತೀರಾ, ದುಡ್ಡು ಮೊದಲೇ ಕಳಿಸ್ತೀನಿ. ಜೊತೆಗೆ 1910ರಿಂದ 1945ರವರೆಗಿನ ಕೊರಿಯಾ ಬಗ್ಗೆ ಸುಲಭವಾಗಿ ಓದೋಕಾಗೋ ಪುಸ್ತಕ ಗೊತ್ತಿದ್ರೆ ಅದನ್ನೂ ಕಾಮೆಂಟಲ್ಲಿ ಹಾಕಿ.