ಅಪ್‌ಡೇಟ್: ಡ್ರಿಫ್ಟಿಂಗ್ ಕಲಿಯೋಕೆ ಶುರು ಮಾಡಿದೆ

ನನ್ನ ಸ್ವಿಫ್ಟ್ ಕಾರಲ್ಲೇ ಡ್ರಿಫ್ಟ್, ಅಂದ್ರೆ ಹಿಂದಿನ ಚಕ್ರಗಳನ್ನು ಬೇಕಂತಲೇ ಜಾರಿಸುತ್ತಾ ಕಾರು ತಿರುಗಿಸೋದು, ಕಲಿಯಬಹುದಾ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಆಗಲ್ಲ ಅಂತ ನೀವು ಹೇಳಿದ್ದು ಸರಿ. ಅದು ಫ್ರಂಟ್ ವೀಲ್ ಡ್ರೈವ್, ಅಂದ್ರೆ ಎಂಜಿನ್ ಶಕ್ತಿ ಮುಂದಿನ ಚಕ್ರಗಳಿಗೆ ಮಾತ್ರ ಹೋಗುತ್ತೆ. ಹ್ಯಾಂಡ್‌ಬ್ರೇಕ್ ಎಳೆದರೆ ಹಿಂಭಾಗ ಜಾರುತ್ತದೆ, ಆದರೆ ಆಕ್ಸಿಲರೇಟರ್ ಒತ್ತಿ ಆ ಜಾರಾಟ ಮುಂದುವರಿಸೋಕೆ ಆಗಲ್ಲ. ಹಾಗಾಗಿ ಟ್ರ್ಯಾಕ್‌ನಲ್ಲಿ, ಟ್ರೈನರ್‌ನ ರಿಯರ್ ವೀಲ್ ಡ್ರೈವ್ (ಶಕ್ತಿ ಹಿಂದಿನ ಚಕ್ರಗಳಿಗೆ ಹೋಗುವ) ಕಾರಲ್ಲಿ ಕಲಿಯುತ್ತಿದ್ದೇನೆ.

ನೆಲಕ್ಕೆ ನೀರು ಬಿಟ್ಟಿರುತ್ತಾರೆ. ಕಡಿಮೆ ಸ್ಪೀಡಲ್ಲೇ ಹಿಂದಿನ ಚಕ್ರ ಜಾರುತ್ತದೆ, ಟೈರೂ ಜಾಸ್ತಿ ಸವೆಯಲ್ಲ. ಸದ್ಯಕ್ಕೆ ಒಂದೇ ಕೋನ್ ಸುತ್ತ ಸುತ್ತೋದು. ಹಿಂಭಾಗ ಜಾರಿದ ಕಡೆಗೇ ಸ್ಟೀರಿಂಗ್ ತಿರುಗಿಸಬೇಕು, ಕಣ್ಣು ಹೋಗಬೇಕಾದ ಕಡೆ ಇರಬೇಕು. ಕೋನ್ ನೋಡಿದರೆ ಕಾರು ಕೋನ್‌ಗೇ ಹೋಗುತ್ತೆ! ಗಾಬರಿಯಿಂದ ಆಕ್ಸಿಲರೇಟರ್‌ನಿಂದ ಕಾಲು ತಟ್ಟನೆ ಎತ್ತಿದರೆ ಗಾಡಿ ಎದುರು ದಿಕ್ಕಿಗೆ ತಿರುಗಿಬಿಡುತ್ತದೆ.

ರಾತ್ರಿ ಖಾಲಿ ರೋಡಲ್ಲಿ ಟ್ರೈ ಮಾಡು ಅಂದವರಿಗೆ ಮಾತ್ರ ಥ್ಯಾಂಕ್ಸ್ ಇಲ್ಲ. ಅದು ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 184ರ (ಅಪಾಯಕಾರಿ ಚಾಲನೆ) ಕೇಸು, ಗೊತ್ತಲ್ವಾ?