‘ನೋಬಡಿ ಕೇರ್ಡ್’ ಸಂದೇಶದ ನಂತರ ಒಳಜಾಲ ತೆವಳುತ್ತಿದೆ: ದೋಷ ನೆಟ್‌ವರ್ಕ್ ಕಾರ್ಡಿನದೇ?

ಕಾವೇರಿತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸಿದ್ದಾಪುರದ ಹತ್ತಿರದ ಕಾಫಿ ತೋಟವೊಂದರ ಕಚೇರಿಯಲ್ಲಿ ಹಳೆಯ ಡೆಸ್ಕ್‌ಟಾಪ್ ಒಂದಕ್ಕೆ ಡೆಬಿಯನ್ ಲಿನಕ್ಸ್ ಹಾಕಿ, ಒಳಜಾಲವನ್ನು ಇಂಟರ್ನೆಟ್ಟಿಗೆ ಜೋಡಿಸುವ ಗೇಟ್‌ವೇ ಆಗಿ ಬಳಸುತ್ತಿದ್ದೇವೆ. ಮದರ್‌ಬೋರ್ಡಿನಲ್ಲೇ ಇರುವ ಗಿಗಾಬಿಟ್ ಪೋರ್ಟು ಬ್ರಾಡ್‌ಬ್ಯಾಂಡ್ ಮೋಡೆಮ್‌ಗೆ ಹೋಗುತ್ತದೆ. ಹಳೆಯ ಪಿಸಿಐ ಸ್ಲಾಟಿನಲ್ಲಿ ಕೂರಿಸಿರುವ ರಿಯಲ್‌ಟೆಕ್ 8139 ಚಿಪ್ಪಿನ ಕಾರ್ಡು ಒಳಗಿನ ಸ್ವಿಚ್ಚಿಗೆ ಹೋಗುತ್ತದೆ. ರೈಟರ್ ಕೂರುವ ಕೋಣೆಯ ಕಂಪ್ಯೂಟರು, ಚೆಕ್‌ರೋಲ್ (ಕೂಲಿಯವರ ಹಾಜರಿ ಪಟ್ಟಿ) ಮುದ್ರಿಸುವ ಪ್ರಿಂಟರು ಎಲ್ಲವೂ ಆ ಸ್ವಿಚ್ಚಿನ ಮೇಲೆಯೇ ಇವೆ. ಸ್ಟೋರಿನ ತೂಕದ ಯಂತ್ರ ಮಾತ್ರ ಯುಎಸ್‌ಬಿ ಕೇಬಲ್ಲಿನ ಮೂಲಕ ನೇರವಾಗಿ ಗೇಟ್‌ವೇಗೇ ಸೇರಿದೆ.

ಮಳೆಗಾಲ ಹಿಡಿದ ಮೇಲೆ ಒಂದು ತೊಂದರೆ ಶುರುವಾಗಿದೆ. ಯಂತ್ರವನ್ನು ರೀಬೂಟ್ ಮಾಡಿದಾಗ ಎಲ್ಲವೂ ಸರಿಯಿರುತ್ತದೆ. ಕೆಲವು ಗಂಟೆಗಳ ನಂತರ ಒಳಜಾಲ ಇದ್ದಕ್ಕಿದ್ದಂತೆ ನಿಧಾನವಾಗುತ್ತದೆ. ಪೂರ್ತಿ ನಿಲ್ಲುವುದಿಲ್ಲ, ತೆವಳುತ್ತದೆ. ಒಂದು ಮಿಲಿಸೆಕೆಂಡಿಗೂ ಕಡಿಮೆ ಬರುತ್ತಿದ್ದ ಪಿಂಗ್ (ಸಂದೇಶ ಹೋಗಿ ಉತ್ತರ ಬರುವ ಸಮಯ), ನೂರು ಮಿಲಿಸೆಕೆಂಡಿನ ಆಸುಪಾಸಿನವರೆಗೂ ಏರುತ್ತದೆ. ಕರ್ನಲ್ (ಲಿನಕ್ಸಿನ ತಿರುಳು ಭಾಗ) ದಾಖಲೆಯಲ್ಲಿ ‘ಐಆರ್‌ಕ್ಯೂ 18: ನೋಬಡಿ ಕೇರ್ಡ್’ ಎಂಬ ಸಾಲು, ಅದರ ಕೆಳಗೆ ಉದ್ದನೆಯ ಟ್ರೇಸ್, ಕೊನೆಗೆ ‘ಡಿಸೇಬ್ಲಿಂಗ್ ಐಆರ್‌ಕ್ಯೂ 18’ ಎಂದು ಇದೆ. ಕೇಬಲ್ಲನ್ನೂ ಸ್ವಿಚ್ಚಿನ ಪೋರ್ಟನ್ನೂ ಬದಲಿಸಿ ನೋಡಿದ್ದೇವೆ, ಪ್ರಯೋಜನವಾಗಲಿಲ್ಲ. ಕಾರ್ಡು ಹೋಗಿದೆ, ಹೊಸದು ತನ್ನಿ ಎಂದು ಒಬ್ಬರು ಹೇಳಿದರು. ಕರ್ನಲ್ಲಿಗೆ ‘ಪಿಸಿಐ=ನೋಎಂಎಸ್ಐ’ ಎಂದು ಕೊಡಿ ಎಂದು ಇನ್ನೊಬ್ಬರು ಹೇಳಿದರು. ಕೊಯ್ಲು ಶುರುವಾಗುವ ಮೊದಲು ಇದನ್ನು ಬಗೆಹರಿಸಲೇಬೇಕು. ಯಾವುದನ್ನು ಮೊದಲು ಮಾಡಬೇಕು?

ಬ್ರಹ್ಮಗಿರಿ

ಈಗಲೇ ಕಾರ್ಡು ಕೊಳ್ಳಬೇಡಿ. ನೀವು ಬರೆದಿರುವ ಲಕ್ಷಣಗಳಲ್ಲಿಯೇ ಸಾಕಷ್ಟು ಸುಳಿವಿದೆ.

ಹಳೆಯ ಪಿಸಿಐ ಸಾಧನಗಳು ಪ್ರೊಸೆಸರಿನ ಗಮನ ಸೆಳೆಯಲು ಮದರ್‌ಬೋರ್ಡಿನಲ್ಲಿರುವ ಇಂಟರಪ್ಟ್ ತಂತಿಯೊಂದನ್ನು (ಐಆರ್‌ಕ್ಯೂ 18 ಎಂದರೆ ಇಂತಹ ತಂತಿಯೊಂದರ ಸಂಖ್ಯೆ) ಕೆಳಮಟ್ಟಕ್ಕೆ ಎಳೆದು ಹಿಡಿಯುತ್ತವೆ, ತಮ್ಮ ಕೆಲಸ ಆಗುವವರೆಗೂ ಬಿಡುವುದಿಲ್ಲ. ಒಂದೇ ತಂತಿಯನ್ನು ಹಲವು ಸಾಧನಗಳು ಹಂಚಿಕೊಂಡಿರಬಹುದಾದ್ದರಿಂದ, ಇಂಟರಪ್ಟ್ ಬಂದಾಗಲೆಲ್ಲ ಕರ್ನಲ್ ಆ ತಂತಿಯಲ್ಲಿರುವ ಸಾಧನಗಳ ಡ್ರೈವರುಗಳನ್ನು (ಅವನ್ನು ನಡೆಸುವ ತಂತ್ರಾಂಶಗಳನ್ನು) ಸರದಿಯಂತೆ ‘ಇದು ನಿನ್ನದೇ?’ ಎಂದು ಕೇಳುತ್ತದೆ. ಎಲ್ಲರೂ ‘ನನ್ನದಲ್ಲ’ ಎಂದರೂ ತಂತಿ ಮಾತ್ರ ಕೆಳಮಟ್ಟದಲ್ಲೇ ಉಳಿದರೆ, ಇಂಟರಪ್ಟ್ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ಒಂದು ಲಕ್ಷ ಇಂಟರಪ್ಟುಗಳಲ್ಲಿ 99,900ಕ್ಕಿಂತ ಹೆಚ್ಚಿನವನ್ನು ಯಾರೂ ತಮ್ಮದೆನ್ನದಿದ್ದಾಗ ಕರ್ನಲ್ ಆ ತಂತಿಯನ್ನೇ ಮುಚ್ಚಿಬಿಡುತ್ತದೆ. ನೀವು ನೋಡಿದ ಸಂದೇಶ ಅದೇ. ಮುಚ್ಚಿದ ಮೇಲೆ ಆ ತಂತಿಯಲ್ಲಿರುವ ಸಾಧನಗಳನ್ನು ಸೆಕೆಂಡಿಗೆ ಹತ್ತು ಸಲ ಮಾತ್ರ ವಿಚಾರಿಸುತ್ತದೆ, ಎಂದರೆ ನೂರು ಮಿಲಿಸೆಕೆಂಡಿಗೊಮ್ಮೆ. ನಿಮ್ಮ ಪಿಂಗ್ ಏರುವುದು ಅಲ್ಲಿಯವರೆಗೇ ಎಂಬುದನ್ನು ಗಮನಿಸಿ. ಕಾರ್ಡು ಕೆಟ್ಟಿದ್ದರೆ ಇಷ್ಟು ಕ್ರಮಬದ್ಧವಾಗಿ ನಿಧಾನವಾಗುವುದು ಅಪರೂಪ.

ಹಾಗಾಗಿ ಆ ತಂತಿಯಲ್ಲಿ ಕಾರ್ಡಿನ ಜೊತೆ ಇನ್ನಾರಿದ್ದಾರೆ ಎಂಬುದನ್ನು ಮೊದಲು ನೋಡಿ. ಪ್ರೊಕ್ ಕೋಶದೊಳಗಿನ ‘ಇಂಟರಪ್ಟ್ಸ್’ ಕಡತವನ್ನು ತೆರೆದು 18ರ ಸಾಲಿನ ಬಲತುದಿಯನ್ನು ಓದಿ. ಸಂದೇಶದ ಟ್ರೇಸಿನ ಕೆಳಗೆ ‘ಹ್ಯಾಂಡ್ಲರ್ಸ್’ ಎಂಬ ಪಟ್ಟಿಯಲ್ಲಿಯೂ ಡ್ರೈವರುಗಳ ಹೆಸರು ಇರುತ್ತದೆ. ರೀಬೂಟ್ ಆಗಿದ್ದರೆ, ‘ಜರ್ನಲ್‌ಸಿಟಿಎಲ್’ ಆಜ್ಞೆಯಲ್ಲಿ ಹಿಂದಿನ ಬೂಟಿನ ಕರ್ನಲ್ ದಾಖಲೆಯನ್ನು ಕೇಳಿ. ಕರೆಂಟ್ ಹೋಗಿ ಬರುವ ಊರಿನಲ್ಲಿ ಇದು ಬಹಳ ಉಪಯೋಗಕ್ಕೆ ಬರುತ್ತದೆ.

ಆನಂತರ ಯಂತ್ರವನ್ನು ಆರಿಸಿ, ಕಾರ್ಡನ್ನು ಪಕ್ಕದ ಪಿಸಿಐ ಸ್ಲಾಟಿಗೆ ಬದಲಿಸಿ. ಸಾಮಾನ್ಯವಾಗಿ ಪ್ರತಿ ಸ್ಲಾಟಿನ ಮೊದಲ ಇಂಟರಪ್ಟ್ ಪಿನ್ನು ಬೇರೆ ಬೇರೆ ತಂತಿಗೆ ಜೋಡಣೆಯಾಗಿರುತ್ತದೆ, ಆದ್ದರಿಂದ ಐಆರ್‌ಕ್ಯೂ ಸಂಖ್ಯೆಯೂ ಬದಲಾಗಬೇಕು. ತೊಂದರೆ ಕಾರ್ಡಿನ ಹಿಂದೆ ಹೋಗುತ್ತದೆಯೋ 18ರಲ್ಲೇ ಉಳಿಯುತ್ತದೆಯೋ ಎಂಬುದೇ ಇಲ್ಲಿ ನಿರ್ಣಾಯಕ.

ಪುಷ್ಪಗಿರಿ

ಬ್ರಹ್ಮಗಿರಿಯವರ ಮಾತಿಗೆ ಸಹಮತವಿದೆ. ಎರಡು ವಿಷಯ ಸೇರಿಸುತ್ತೇನೆ.

‘ಪಿಸಿಐ=ನೋಎಂಎಸ್ಐ’ ದಯವಿಟ್ಟು ಹಾಕಬೇಡಿ. ಎಂಎಸ್ಐ ವಿಧಾನದಲ್ಲಿ ಸಾಧನವು ತಂತಿಯನ್ನು ಎಳೆಯುವುದಿಲ್ಲ, ಗೊತ್ತುಪಡಿಸಿದ ವಿಳಾಸಕ್ಕೆ ಒಂದು ಚಿಕ್ಕ ಸಂದೇಶ ಬರೆಯುತ್ತದೆ. ಹಾಗಾಗಿ ಬೇರೆಯವರೊಂದಿಗೆ ಹಂಚಿಕೊಳ್ಳುವ ಪ್ರಶ್ನೆಯೇ ಇಲ್ಲ. ನಿಮ್ಮ 8139ಕ್ಕೆ ಈ ಸೌಲಭ್ಯವಿಲ್ಲ, ಆದ್ದರಿಂದ ಆ ಆಯ್ಕೆಯಿಂದ ಅದಕ್ಕೆ ಏನೂ ಲಾಭವಿಲ್ಲ. ಬದಲಿಗೆ, ಈಗ ಎಂಎಸ್ಐ ಬಳಸಿಕೊಂಡು ಸುಖವಾಗಿರುವ ಗಿಗಾಬಿಟ್ ಪೋರ್ಟನ್ನೂ ತಂದು ಹಳೆಯ ಹಂಚಿಕೆಯ ತಂತಿಗಳ ಗುಂಪಿಗೆ ಸೇರಿಸಿದಂತಾಗುತ್ತದೆ. ಎಂಎಸ್ಐ ಸರಿಯಾಗಿ ನಡೆಯದ ಬೋರ್ಡುಗಳಿಗೆ ಇದು ನಿಜವಾದ ಮದ್ದೇ, ಆದರೆ ನಿಮ್ಮ ರೋಗ ಅದಲ್ಲ. ಕರ್ನಲ್ ತಾನೇ ಸೂಚಿಸುವ ‘ಐಆರ್‌ಕ್ಯೂಪೋಲ್’ ಆಯ್ಕೆಯೂ ತಾತ್ಕಾಲಿಕವಾದದ್ದು. ಅದು ಯಾರೂ ತಮ್ಮದೆನ್ನದ ಇಂಟರಪ್ಟಿನ ಒಡೆಯನನ್ನು ಎಲ್ಲಾ ಹ್ಯಾಂಡ್ಲರುಗಳಲ್ಲಿ ಹುಡುಕಿಸುತ್ತದೆ. ಕೆಲಸ ಸಾಗಬಹುದು, ಆದರೆ ಪ್ರೊಸೆಸರಿನ ಮೇಲೆ ಹೊರೆ ಬೀಳುತ್ತದೆ, ಮೂಲ ಕಾರಣ ಹಾಗೆಯೇ ಮುಚ್ಚಿಹೋಗುತ್ತದೆ.

ಎರಡನೆಯದು ಮಳೆಗೆ ಸಂಬಂಧಿಸಿದ್ದು. ನಾನು ಸೋಮವಾರಪೇಟೆಯಲ್ಲಿ ಕಂಪ್ಯೂಟರ್ ದುರಸ್ತಿ ಮಾಡುವವನು. ನಮ್ಮ ಕಡೆ ಜುಲೈನಲ್ಲಿ ಬಿಚ್ಚಿದ ಕ್ಯಾಬಿನೆಟ್ಟುಗಳಲ್ಲಿ ಸ್ಲಾಟಿನ ಬುಡದಲ್ಲಿ ಧೂಳು ತೇವ ಹೀರಿ ಕಪ್ಪಗೆ ಮೆತ್ತಿಕೊಂಡಿರುತ್ತದೆ, ಕಾರ್ಡಿನ ಚಿನ್ನದ ಬಣ್ಣದ ಪಟ್ಟಿಗಳ ಮೇಲೆ ಹಸಿರು ಚುಕ್ಕೆಗಳು ಎದ್ದಿರುತ್ತವೆ. ಇಂಟರಪ್ಟ್ ತಂತಿಯನ್ನು ಮೇಲ್ಮಟ್ಟದಲ್ಲಿ ಇಟ್ಟಿರುವುದು ಒಂದು ದುರ್ಬಲ ರೆಸಿಸ್ಟರು ಮಾತ್ರ. ಆ ತೇವದ ಮೂಲಕ ವಿದ್ಯುತ್ತು ಸೋರಿದರೆ ಯಾವ ಸಾಧನವೂ ಎಳೆಯದಿದ್ದರೂ ತಂತಿ ಕೆಳಕ್ಕೆ ಇಳಿಯುವ ಸಾಧ್ಯತೆಯಿದೆ. ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಚೆನ್ನಾಗಿ ಆರಿದ ಮೇಲೆಯೇ ಜೋಡಿಸಿ. ಆದರೆ ಸ್ಲಾಟು ಬದಲಿಸುವುದು, ಒರೆಸುವುದು, ಬಯೋಸ್ (ಬೋರ್ಡಿನ ಮೂಲ ಸೆಟ್ಟಿಂಗು) ತಿದ್ದುವುದು ಎಲ್ಲವನ್ನೂ ಒಂದೇ ದಿನ ಮಾಡಬೇಡಿ. ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ.

ಕಾವೇರಿತೀರ

ಇಬ್ಬರಿಗೂ ಧನ್ಯವಾದ. 18ರ ಸಾಲಿನಲ್ಲಿ ಕಾರ್ಡಿನ ಜೊತೆ ‘ಇಎಚ್‌ಸಿಐ’ ಯುಎಸ್‌ಬಿ ಕಂಟ್ರೋಲರು ಇತ್ತು. ಸಂದೇಶ ಬಂದಾಗಲೆಲ್ಲ ತೂಕದ ಯಂತ್ರವೂ ತಡವರಿಸುತ್ತಿತ್ತೆಂದು ಸ್ಟೋರಿನವರು ಈಗ ಕೇಳಿದ ಮೇಲೆ ಹೇಳಿದರು. ಗಿಗಾಬಿಟ್ ಪೋರ್ಟಿನ ಸಾಲಿನಲ್ಲಿ ‘ಪಿಸಿಐ-ಎಂಎಸ್ಐ’ ಎಂದಿದೆ.

ಮೊದಲು ಸ್ಲಾಟನ್ನು ಮಾತ್ರ ಬದಲಿಸಿದೆ. ಕಾರ್ಡು 19ಕ್ಕೆ ಹೋಯಿತು, ಅಲ್ಲಿ ಅದೊಂದೇ ಇದೆ. ಸಂಜೆಯ ಹೊತ್ತಿಗೆ ‘ನೋಬಡಿ ಕೇರ್ಡ್’ ಮತ್ತೆ ಬಂತು, ಆದರೆ 18ರ ಮೇಲೆ, ಹ್ಯಾಂಡ್ಲರುಗಳ ಪಟ್ಟಿಯಲ್ಲಿ ಯುಎಸ್‌ಬಿ ಒಂದೇ. ಒಳಜಾಲಕ್ಕೆ ಏನೂ ಆಗಲಿಲ್ಲ. ಆಮೇಲೆ ತೂಕದ ಯಂತ್ರವನ್ನು ಬೇರೆ ಕಂಟ್ರೋಲರಿನ ಪೋರ್ಟಿಗೆ ಹಾಕಿ, 18ರಲ್ಲಿದ್ದ ಕಂಟ್ರೋಲರನ್ನು ಬಯೋಸಿನಲ್ಲಿಯೇ ನಿಷ್ಕ್ರಿಯಗೊಳಿಸಿದ್ದೇನೆ. ಅಲ್ಲಿಂದ ಈಚೆಗೆ ಸಂದೇಶ ಬಂದಿಲ್ಲ. ಹಾಗಾದರೆ 8139 ಕಾರ್ಡನ್ನು ಹಾಗೆಯೇ ಮುಂದುವರಿಸಬಹುದೇ?

ಬ್ರಹ್ಮಗಿರಿ

ಮುಂದುವರಿಸಬಹುದು, ತಪ್ಪು ಕಾರ್ಡಿನದಲ್ಲ ಎಂಬುದು ಸ್ಪಷ್ಟವಾಗಿದೆ. ಬಯೋಸಿನಲ್ಲಿ ನಿಷ್ಕ್ರಿಯಗೊಳಿಸಿದ್ದು ಒಳ್ಳೆಯದಾಯಿತು. ಡ್ರೈವರನ್ನು ಮಾತ್ರ ಕಿತ್ತುಹಾಕಿದ್ದರೆ, ತಂತಿಯನ್ನು ಎಳೆಯುವ ಸಾಧನ ಅಲ್ಲಿಯೇ ಉಳಿದು ಉತ್ತರಿಸುವವರು ಮಾತ್ರ ಇಲ್ಲದಂತಾಗುತ್ತಿತ್ತು. ಒಂದು ಎಚ್ಚರಿಕೆಯಿದೆ: ಬೋರ್ಡಿನ ಬ್ಯಾಟರಿ ಹಳೆಯದಾಗಿದ್ದು ಬಯೋಸ್ ಸೆಟ್ಟಿಂಗುಗಳು ಅಳಿಸಿಹೋದರೆ ಆ ಕಂಟ್ರೋಲರು ಮತ್ತೆ ಜೀವ ಪಡೆಯುತ್ತದೆ, ಹಾಗಾಗಿ ಬ್ಯಾಟರಿಯನ್ನು ಈಗಲೇ ಬದಲಿಸಿಬಿಡಿ.

8139 ಸೆಕೆಂಡಿಗೆ 100 ಮೆಗಾಬಿಟ್ ಮೀರಿ ಹೋಗುವುದಿಲ್ಲ. ಮುಂದೆ ವೇಗ ಸಾಲದೆನಿಸಿದಾಗ, ಬೋರ್ಡಿನಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟು ಖಾಲಿಯಿದ್ದರೆ ಇಂಟೆಲ್ 82574ಎಲ್ ಚಿಪ್ಪಿನಂತಹ ಕಾರ್ಡು ಹಾಕಿ. ಅದಕ್ಕೆ ಎಂಎಸ್ಐ-ಎಕ್ಸ್ (ಎಂಎಸ್ಐನ ವಿಸ್ತೃತ ರೂಪ) ಸೌಲಭ್ಯವಿದೆ. ಹಾಕಿದ ಮೇಲೆ ‘ಇಂಟರಪ್ಟ್ಸ್’ ಕಡತದಲ್ಲಿ ಅದರ ಸಾಲುಗಳ ಮುಂದೆ ಐಒ-ಎಪಿಕ್ (ಹಳೆಯ ತಂತಿಯ ವಿಧಾನ) ಎಂದಿರದೆ ಪಿಸಿಐ-ಎಂಎಸ್ಐ ಎಂದಿದೆಯೇ ಎಂಬುದನ್ನು ನೋಡಿಕೊಳ್ಳಿ.